ಗೌಡಸಾನಿ ಪಾರ್ಟು

ಕೊಪ್ಪಳದ ಬಾಲಕಿಯರ ಹಾಸ್ಟೆಲಿನಲ್ಲಿ ಅಡಿಗೆ ಮಾಡುವ ಪಕ್ಕೀರವ್ವನಿಗೆ ನಾಟಕದ ಹುಚ್ಚು ಹತ್ತಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅವಳನ್ನು ಕೇಳಿದರೆ ಹುಚ್ಚೂ ಇಲ್ಲ ಗಿಚ್ಚೂ ಇಲ್ಲ, ಹಾಡಲು ಬರುತ್ತದೆಂದು ಕರೆದರು, ಹೋದೆ ಎನ್ನುತ್ತಾಳೆ. ನಂಬಬೇಡಿ. ಮುಂಜಾನೆಯಿಂದ ನೂರು ಹುಡುಗಿಯರಿಗೆ ರೊಟ್ಟಿ ಬಡಿದು, ಸಂಜೆಯ ಒಲೆಯನ್ನು ಜೊತೆಯವಳಿಗೆ ಒಪ್ಪಿಸಿ, ಸೀರೆ ಬದಲಿಸಿಕೊಂಡು ತಾಲೀಮಿಗೆ ಓಡುವುದಕ್ಕೆ ಹುಚ್ಚು ಎನ್ನದೆ ಮತ್ತೇನು ಎನ್ನಬೇಕು?

ತಂಡ ಕಟ್ಟಿದವನು ಸಿದ್ದಾರ್ಥ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮಾಸ್ತರ. ಆ ವರ್ಷ ಅವನು ಮೂರು ನಾಟಕ ಎತ್ತಿಕೊಂಡಿದ್ದ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕು ಊರಲ್ಲೂ ಆಡುವುದು. ಮೂರೂ ಜನರಿಗೆ ಚುರುಕು ಮುಟ್ಟಿಸುವಂಥವು. ಒಂದರಲ್ಲಿ ಜಾತಿ ಮೀರಿ ಮದುವೆಯಾಗುವ ಜೋಡಿ, ಇನ್ನೊಂದರಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾಗಲು ಒಲ್ಲೆನೆನ್ನುವ ಹುಡುಗಿ. ಮೂರನೆಯದು ನೀರಿನ ನಾಟಕ. ಬೇಸಿಗೆಯ ಮಧ್ಯಾಹ್ನ ಹೊಲದಿಂದ ಬಂದ ಕೂಲಿ ಹೆಂಗಸೊಬ್ಬಳು ಗೌಡರ ಮನೆಯ ಮುಂದೆ ನಿಂತು ನೀರು ಬೇಡುತ್ತಾಳೆ. ಗೌಡಸಾನಿ ಹೊರಗೆ ಬಂದು, ಮೈಲಿಗೆಯಾಗದ ಹಾಗೆ ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ಅವಳ ಬೊಗಸೆಗೆ ಮೇಲಿಂದ ನೀರು ಸುರಿಯುತ್ತಾಳೆ. ನಾಟಕದ ಜೀವವೆಲ್ಲ ಆ ಒಂದು ತಂಬಿಗೆ ನೀರಿನಲ್ಲಿತ್ತು.

ಭಾನುವಾರ ಶಾಲೆಯ ಕೋಣೆಯಲ್ಲಿ ಪಾರ್ಟು ಹಂಚಲು ಕೂತಾಗ ತಮಾಷೆ ಶುರುವಾಯಿತು. ಊರನ್ನು ತಿದ್ದುವ ಸುಧಾರಕನ ಪಾರ್ಟಿಗೆ ಹದಿಮೂರು ಜನ ಕೈ ಎತ್ತಿದರು. ಗೌಡಸಾನಿಯ ಪಾರ್ಟಿಗೆ ಒಂದು ಕೈಯೂ ಮೇಲೇಳಲಿಲ್ಲ. ನಮ್ಮಲ್ಲಿ ಸುಧಾರಕರಿಗೇನು ಬರ, ವೇಷ ಹಾಕಿಕೊಳ್ಳುವುದಿದ್ದರೆ ಮನೆಗೊಬ್ಬರು ಸಿಗುತ್ತಾರೆ! ತಹಶೀಲ್ದಾರ ಕಚೇರಿಯ ಗುಮಾಸ್ತೆ ಶರಣಬಸಮ್ಮನನ್ನು ಸಿದ್ದಾರ್ಥ ಆಸೆಯಿಂದ ನೋಡಿದ. ಎತ್ತರದ ಆಳು, ನೆಟ್ಟಗಿನ ಮೂಗು, ಗೌಡರ ಮನೆತನದವಳೇ.

"ನಾ ಒಲ್ಲೆ ಸರ್. ನೋಡಿದ ಮಂದಿ ನಮ್ಮ ಮನ್ಯಾಗ ಈಗೂ ಹಿಂಗ ಮಾಡ್ತಾರ ಅನ್ಕೋತಾರ," ಎಂದು ಆಕೆ ಕಣ್ಣಲ್ಲಿ ನೀರು ತಂದುಕೊಂಡಳು.

ಸಿದ್ದಾರ್ಥ ಆ ಪಾರ್ಟನ್ನು ಪಕ್ಕಕ್ಕಿಟ್ಟು ಪಕ್ಕೀರವ್ವನ ಕಡೆ ತಿರುಗಿದ. "ಯಕ್ಕಾ, ಬೊಗಸಿ ಒಡ್ಡೋ ಪಾರ್ಟು ಮಾತ್ರ ನಿಂದ ನೋಡು. ನೀ ನಟನಾ ಮಾಡೋದೂ ಬ್ಯಾಡ, ತಾನಾಗೆ ಬರ್ತೈತಿ."

ಒಳ್ಳೆಯ ಮನುಷ್ಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಪಕ್ಕೀರವ್ವನ ಮುಖ ಬಿಗಿಯಾಯಿತು.

"ಆ ಪಾರ್ಟು ಇಪ್ಪತ್ತು ವರ್ಸ ಮಾಡೀನ್ರಿ ಸರ್, ನಮ್ಮೂರಾಗ. ಸಾಕಾಗೇತಿ. ನನಗ ಗೌಡಸಾನಿ ಪಾರ್ಟು ಕೊಡ್ರಿ."

ಎಲ್ಲರೂ ಶರಣಬಸಮ್ಮನ ಕಡೆ ನೋಡಿದರು. ಕೊನೆಗೆ ಶರಣಬಸಮ್ಮನೇ ಮೂಗು ಒರೆಸಿಕೊಂಡು, ಹಾಗಿದ್ದರೆ ಬೊಗಸೆ ತಾನು ಒಡ್ಡುತ್ತೇನೆ ಎಂದಳು. ಸಿದ್ದಾರ್ಥ ತಲೆ ಕೆರೆದುಕೊಂಡು ಹೆಸರು ಬರೆದುಕೊಂಡ.

ಬರೆದುಕೊಂಡಷ್ಟು ಸುಲಭವಾಗಿ ಪಾರ್ಟು ಕೂಡಿಬರಲಿಲ್ಲ. ಶರಣಬಸಮ್ಮನಿಗೆ ಬೊಗಸೆಯಲ್ಲಿ ನೀರು ಕುಡಿಯಲು ಬರುತ್ತಿರಲಿಲ್ಲ. ಮುಕ್ಕಾಲು ನೀರು ಮೊಣಕೈಯಿಂದ ಇಳಿದು ಸೀರೆಗೆ ಹೋಗುತ್ತಿತ್ತು. ಪಕ್ಕೀರವ್ವ ಅವಳ ಕೈ ಹಿಡಿದು ಕಲಿಸಿದಳು: ಸೊಂಟ ಬಗ್ಗಿಸು, ಮುಂಗೈಯನ್ನು ತುಟಿಗೆ ಹಚ್ಚು, ಬೆರಳ ಸಂದಿ ಮುಚ್ಚು, ಕಣ್ಣು ಮೇಲಿರಲಿ. ಇಂಥದ್ದೂ ಒಂದು ವಿದ್ಯೆ ಎಂದು ಶರಣಬಸಮ್ಮನಿಗೆ ಆವತ್ತೇ ತಿಳಿದದ್ದು.

ಪಕ್ಕೀರವ್ವನ ತೊಂದರೆ ಬೇರೆ. ಮಾತು ಗತ್ತಿನಿಂದ ಬರುತ್ತಿತ್ತು, ನಡಿಗೆ ಬರುತ್ತಿತ್ತು, ತಂಬಿಗೆ ಮಾತ್ರ ಮೇಲೆ ನಿಲ್ಲುತ್ತಿರಲಿಲ್ಲ. ಎತ್ತಿ ಹಿಡಿದ ಕೈ ಸುರಿಯುತ್ತ ಸುರಿಯುತ್ತ ಕೆಳಗಿಳಿದು ಬೊಗಸೆಯ ಹತ್ತಿರ ಬಂದುಬಿಡುತ್ತಿತ್ತು. ದಿನಾ ಬಡಿಸುವ ಕೈ, ಮತ್ತೇನು ಮಾಡೀತು? ವಾರ ಕಳೆದ ಮೇಲೆ ಸಿದ್ದಾರ್ಥನ ತಾಳ್ಮೆ ಮುಗಿಯಿತು.

"ಯಕ್ಕಾ, ನಾಳಿನೂ ಕೈ ಇಳೀತಂದ್ರ ನಾ ಪಾರ್ಟು ಬದಲ ಮಾಡಾಂವ. ನೀನ ಬೊಗಸಿ ಒಡ್ಡಬೇಕಾಗ್ತೈತಿ."

ಆ ರಾತ್ರಿ ತನ್ನ ಊಟದ ರೊಟ್ಟಿಗೆ ಹಿಟ್ಟು ನಾದುತ್ತ ಅವಳು ಯಲಬುರ್ಗಾ ಕಡೆಯ ತನ್ನ ಹಳ್ಳಿಯನ್ನು ನೆನೆದಳು. ಗೌಡಸಾನಿ ಹಂಪವ್ವ ಹೇಗೆ ನಿಲ್ಲುತ್ತಿದ್ದಳು? ಕಟ್ಟೆಯ ಮೇಲೆ. ಕೈ? ಮೇಲೆ. ಕಣ್ಣು? ಆಗ ಪಕ್ಕೀರವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಹಂಪವ್ವ ಒಂದು ದಿನವೂ ಕುಡಿಯುವವಳ ಮುಖ ನೋಡುತ್ತಿರಲಿಲ್ಲ. ಅಂಗಳದ ಎಡಮೂಲೆಯಲ್ಲಿ ಕಟ್ಟಿದ್ದ ಎಮ್ಮೆಯನ್ನು ನೋಡುತ್ತಿದ್ದಳು. ತಾನೋ, ತಾಲೀಮಿನಲ್ಲಿ ಶರಣಬಸಮ್ಮನ ಬಾಡಿದ ಮುಖ ನೋಡುತ್ತ ಸುರಿಯುತ್ತಿದ್ದೇನೆ. ಬಾಯಾರಿದ ಮುಖ ನೋಡುತ್ತ ಯಾರ ಕೈ ಮೇಲೆ ನಿಂತೀತು?

ಮರುದಿನ ಪಕ್ಕೀರವ್ವ ಎದುರಿನ ಎಡಮೂಲೆಯಲ್ಲಿ ಎಮ್ಮೆ ಇದೆ ಎಂದುಕೊಂಡು ಅತ್ತ ನೋಡಿದಳು. ಕೈ ಅಲ್ಲಾಡಲಿಲ್ಲ. ತಂಬಿಗೆ ಪೂರ್ತಿ ಬರಿದಾಗುವವರೆಗೆ ಮೇಲೆಯೇ ಇತ್ತು. ಸಿದ್ದಾರ್ಥ ಚಪ್ಪಾಳೆ ತಟ್ಟಿದ. ಪಕ್ಕೀರವ್ವನಿಗೆ ಸಂತೋಷವಾಗಲಿಲ್ಲ. ಇಷ್ಟು ಸುಲಭವೇ ಇದು ಎಂದುಕೊಂಡು ಬರಿದಾದ ತಂಬಿಗೆಯನ್ನು ನೋಡುತ್ತ ನಿಂತಳು.

ಕೊಪ್ಪಳದಲ್ಲಿ ಜನ ಮೆಚ್ಚಿದರು. ಗಂಗಾವತಿಯಲ್ಲಿ ಯಾರದೋ ಬೈಕು ಅವಳ ಎಮ್ಮೆಯಾಯಿತು, ಕುಷ್ಟಗಿಯಲ್ಲಿ ನೀರಿನ ಡ್ರಮ್ಮು. ಉಳಿದದ್ದು ಯಲಬುರ್ಗಾ.

ಅಲ್ಲಿ ಆಟ ಶುರುವಾಗುವ ಮುಂಚೆ ಅಣ್ಣ ಆದೆಪ್ಪ ಪರದೆಯ ಹಿಂದೆ ಬಂದ. ಹಂಪವ್ವನ ಹೊಲದಲ್ಲಿ ಇವತ್ತಿಗೂ ದುಡಿಯುವವನು. ಟವೆಲು ಹಿಂಡುತ್ತ ನಿಂತಿದ್ದ.

"ತಂಗೀ, ಊರ ಮಂದಿ ಎಲ್ಲಾ ಟ್ರ್ಯಾಕ್ಟರಿನ್ಯಾಗ ಬಂದೈತಿ. ಗೌಡಸಾನ್ಯಾರೂ ಬಂದಾರ, ಮುಂದಿನ ಕುರ್ಚಿಮ್ಯಾಗ ಕುಂತಾರ. ಕೈ ಒಂದೀಟು ಕೆಳಗ ಹಿಡೀಯವ್ವಾ. ನಾ ನಾಳಿ ಅವರ ಹೊಲಕ್ಕ ಹೋಗಬೇಕು."

ಅಣ್ಣನ ಅನ್ನ ಅದು. ಪಕ್ಕೀರವ್ವ ಹೂಂ ಎನ್ನುವ ಹಾಗೆ ತಲೆ ಆಡಿಸಿ ಮೂಗುತಿ ಸರಿಮಾಡಿಕೊಂಡಳು. ಸ್ವಲ್ಪ ಕೆಳಗೆ ಹಿಡಿದರೆ ಯಾರಿಗೆ ತಿಳಿಯುತ್ತದೆ ಎಂದೂ ಅನಿಸಿತು.

ಆಟ ಶುರುವಾಯಿತು. ಶರಣಬಸಮ್ಮ ಬೊಗಸೆ ಒಡ್ಡಿದಳು. ಪಕ್ಕೀರವ್ವ ತಂಬಿಗೆಯನ್ನು ಎದೆಯ ಮಟ್ಟಕ್ಕೆ ತಂದು, ರೂಢಿಯಂತೆ ಎಮ್ಮೆ ನೋಡಲು ಎಡಮೂಲೆಗೆ ಕಣ್ಣು ಹಾಯಿಸಿದಳು. ಎಮ್ಮೆಯ ಜಾಗದಲ್ಲಿ ಹಂಪವ್ವ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ, ಕೈಯಲ್ಲಿ ಕೋಲು. ಇಬ್ಬರ ಕಣ್ಣೂ ಕೂಡಿದವು.

ಕೈ ಮೇಲೆದ್ದಿತು. ಭುಜ ದಾಟಿತು, ತಲೆ ದಾಟಿತು, ತೋಳು ನೀಳವಾಗುವಷ್ಟು ಹೋಗಿ ನಿಂತಿತು. ಸೇಡಿಗಲ್ಲ. ಆ ಮುಖದ ಮುಂದೆ ಸುಳ್ಳು ತೋರಿಸಲು ಅವಳ ಕೈ ಒಪ್ಪಲಿಲ್ಲ, ಅಷ್ಟೆ. ನೀರು ಬೀಳುವ ಸಪ್ಪಳವೊಂದೇ ಕೇಳುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಬಂದ ಹೆಂಗಸರಲ್ಲಿ ಯಾರೋ ಬಿಕ್ಕಿದರು.

ನಾಟಕ ಮುಗಿದ ಮೇಲೆ ಹಂಪವ್ವ ಹೇಳಿ ಕಳಿಸಿದಳು. ಪಕ್ಕೀರವ್ವ ವೇಷದಲ್ಲೇ ಹೋಗಿ ಕುರ್ಚಿಯ ಮುಂದೆ ನಿಂತಳು. ಆದೆಪ್ಪ ಹಿಂದೆ ನಿಂತು ನೆಲ ನೋಡುತ್ತಿದ್ದ. ಮುದುಕಿ ಕೋಲಿನ ತುದಿಯನ್ನೇ ದಿಟ್ಟಿಸುತ್ತ ಮಾತಾಡಿದಳು.

"ನಾ ಅಷ್ಟು ಎತ್ತರ ಹಿಡೀತಿದ್ದಿಲ್ಲಬೇ, ಪಕ್ಕೀರೀ."

"ಹೌದ್ರೆವ್ವಾ, ಇಷ್ಟ ಅಲ್ರಿ, ಇನ್ನೂ ಮ್ಯಾಲ. ನೀವು ಕಟ್ಟಿ ಮ್ಯಾಲ ನಿಂದರ್ತಿದ್ರಿ, ನಾವು ಕೆಳಗ. ಇಲ್ಲಿ ಕಟ್ಟಿ ಇದ್ದಿಲ್ಲ. ನನ್ನ ಕೈಗೆ ನಿಲುಕಿದ್ದು ಇಷ್ಟ."

ಹಂಪವ್ವ ಮತ್ತೆ ಏನಾದರೊಂದು ತಪ್ಪು ಹುಡುಕುವವಳ ಹಾಗೆ, "ಆ ಹುಡುಗಿ ಭಾಳ ನೀರು ಚೆಲ್ಲಿದ್ಳು," ಎಂದಳು.

"ಆಕಿಗೆ ಹೊಸಾದು ರೀ. ನಾವು ಒಂದು ಹನಿನೂ ಚೆಲ್ಲತಿದ್ದಿಲ್ಲ. ಚೆಲ್ಲಿದ್ರ ನೀವು ಇನ್ನೊಂದು ತಂಬಿಗಿ ತರತಿದ್ದಿಲ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮರೆತವರಿಗೆ ನೆನಪು ಮಾಡಿಕೊಡುವಂತೆ ಹೇಳಿದಳು. ಮುದುಕಿಯ ಕಣ್ಣು ಕೋಲು ಬಿಟ್ಟು ಅತ್ತಿತ್ತ ಹೋಯಿತು, ಪರದೆಯ ಕಡೆ, ಬಾಗಿಲ ಕಡೆ. ಅಲ್ಲೆಲ್ಲೂ ಎಮ್ಮೆ ಇರಲಿಲ್ಲ. ಕೊನೆಗೆ ತಲೆಯೆತ್ತಿ ಪಕ್ಕೀರವ್ವನ ಮುಖ ನೋಡಿದಳು.

"ಆದೆಪ್ಪಾ," ಎಂದಳು, ನೋಟ ಮಾತ್ರ ಕದಲಿಸದೆ, "ನಾಳಿ ಜ್ವಾಳ ಬಿತ್ತೋದೈತಿ, ಲಗೂ ಬಾ."