ಮುಖಕ್ಕೊಂದು ಟೆಂಡರು

ಮನುಷ್ಯನ ಅಂತರಂಗದ ಸಮಸ್ತ ವ್ಯಾಪಾರಗಳೂ ಕಾಲಕ್ರಮದಲ್ಲಿ ಅವನ ಮುಖದ ಮೇಲೆ ಲಿಖಿತವಾಗುತ್ತವೆ. ಆದಕಾರಣ ಮುಖವನ್ನು ಓದಬಲ್ಲವನು ಮನುಷ್ಯನನ್ನು ಬೇರೆಯಾಗಿ ಓದಬೇಕಾದ ಅಗತ್ಯವಿಲ್ಲ. ಈ ಗಂಭೀರ ತತ್ತ್ವವನ್ನು ನಾನು ಬಹುಕಾಲ ನಂಬಿದ್ದೆ. ಆಮೇಲೆ, ಮುಖಕ್ಕೆ ಕಡಲೆಹಿಟ್ಟು ಹಚ್ಚಿ ತೊಳೆದುಕೊಂಡು ಹಾಲಿನ ಪ್ಯಾಕೆಟ್ಟಿಗೆಂದು ಕೆಳಗಿಳಿದ ಒಂದು ಬೆಳಿಗ್ಗೆ, ನಮ್ಮ ಸೊಸೈಟಿಯ ವಾಚ್‌ಮನ್ ನನ್ನ ಕೆಂಪೇರಿದ ಮುಖವನ್ನು ಸಾವಧಾನವಾಗಿ ಓದಿ, ಕಾಕಾ ಇಷ್ಟು ಬೇಗ ಶುರು ಮಾಡಿಬಿಟ್ಟಿದ್ದಾರೆ ಎಂಬ ನಿರ್ಣಯಕ್ಕೆ ಬಂದ.

ಪಂಚಾಮೃತಕ್ಕಿಂತ ತೀಕ್ಷ್ಣವಾದ ದ್ರವವನ್ನು ಜನ್ಮದಲ್ಲಿ ನಾಲಿಗೆಗೆ ಮುಟ್ಟಿಸದವನು ನಾನು. ಆದರೆ ನನ್ನ ಮುಖದ ಚರ್ಮಕ್ಕೆ ಈ ಸದಾಚಾರದ ಬಗ್ಗೆ ಯಾವ ತಿಳಿವಳಿಕೆಯೂ ಇಲ್ಲ. ಅದಕ್ಕೆ ಸಾಬೂನು ಆಗಿಬರುವುದಿಲ್ಲ, ಬಿಸಿಲು ಆಗಿಬರುವುದಿಲ್ಲ, ಕ್ಷೌರದವನ ಪಟಿಕದ ಕಲ್ಲು ಆಗಿಬರುವುದಿಲ್ಲ, ಹೊಸ ಟವೆಲ್ಲಿನ ಸಹವಾಸವೂ ಆಗಿಬರುವುದಿಲ್ಲ. ಯಾರಾದರೂ ಒಂದು ಬಿರುಸು ಮಾತನಾಡಿದರೆ ನಾನು ಸಹಿಸಿಕೊಂಡೇನು, ನನ್ನ ಕೆನ್ನೆ ಸಹಿಸುವುದಿಲ್ಲ. ಖಡಕಿಯ ಶಸ್ತ್ರಾಸ್ತ್ರ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಗುಮಾಸ್ತಿಕೆ ಮಾಡುತ್ತ ಏಳೆಂಟು ಮಂದಿ ಮೇಲಧಿಕಾರಿಗಳ ಬೈಗುಳವನ್ನು ನಿರ್ವಿಕಾರವಾಗಿ ಕೇಳಿಸಿಕೊಂಡ ನನಗೆ ದಪ್ಪ ಚರ್ಮದವನೆಂದೇ ಖ್ಯಾತಿಯಿತ್ತು. ನಿವೃತ್ತಿಯಾದ ಮೇಲೆ ಆ ದಪ್ಪ ಚರ್ಮವನ್ನು ಐಡೆಂಟಿಟಿ ಕಾರ್ಡಿನ ಜೊತೆ ಕಚೇರಿಗೇ ಒಪ್ಪಿಸಿ ಬಂದೆನೋ ಏನೋ, ತಿಳಿಯದು.

ಚರ್ಮದ ಡಾಕ್ಟರಮ್ಮನವರು ನನ್ನನ್ನು ಒಂದೂವರೆ ನಿಮಿಷ ನೋಡಿ, ಸಾಬೂನು ಬಿಟ್ಟುಬಿಡಿ, ಸೌಮ್ಯವಾದದ್ದೊಂದು ಫೇಸ್‌ವಾಶ್ ನೋಡಿಕೊಳ್ಳಿ, ಎಂದು ಮರಾಠಿಯಲ್ಲಿ ಹೇಳಿ ಮುಂದಿನವರನ್ನು ಕರೆದರು. ನೋಡಿಕೊಳ್ಳಿ ಎಂಬ ಆ ಒಂದು ಪದದಲ್ಲಿ ಎಂಥ ಅನರ್ಥ ಅಡಗಿದೆಯೆಂಬುದು ಪಾಪ ಅವರಿಗೇನು ಗೊತ್ತು. ನಾನು ಮೆಡಿಕಲ್ ಅಂಗಡಿಗೆ ಹೋಗಿ ನೋಡಿದೆ. ನೆಲದಿಂದ ಛಾವಣಿಯವರೆಗೆ ಒಂದು ಇಡೀ ಗೋಡೆ ಸೌಮ್ಯತೆಯಿಂದ ತುಂಬಿಹೋಗಿತ್ತು. ಪ್ರತಿಯೊಂದು ಟ್ಯೂಬೂ ತಾನೇ ಪರಮ ಸೌಮ್ಯವೆಂದು ಕಡುಗೆಂಪು, ಕಡುನೀಲಿ ಅಕ್ಷರಗಳಲ್ಲಿ ಅರಚುತ್ತಿತ್ತು. ಒಂದರಲ್ಲಿ ನಿಂಬೆ, ಒಂದರಲ್ಲಿ ಬೇವು, ಮತ್ತೊಂದರಲ್ಲಿ ಅಕ್ರೋಟಿನ ತರಿ. ಇನ್ನೊಂದರಲ್ಲಿ, ನಾವು ಹುಡುಗರಾಗಿದ್ದಾಗ ಹಲ್ಲುಜ್ಜಿ ಉಗುಳುತ್ತಿದ್ದ ಇದ್ದಿಲು. ಯಾರಿಗೆ ಬೇಕು ಎಂದು ಅಂಗಡಿಯವನು ಕೇಳಿದಾಗ, ಅರವತ್ತೆರಡು ದಾಟಿದ ಗಂಡಸು ನನಗೇ ಎಂದು ಹೇಳುವ ಧೈರ್ಯ ಸಾಲದೆ, ಮನೆಯವರಿಗೆ ಎಂದುಬಿಟ್ಟೆ. ಅವನು ಗುಲಾಬಿ ಹೂವಿನ ಚಿತ್ರವಿದ್ದದ್ದನ್ನು ಕೈಗಿತ್ತ. ಅದು ಮೂಗಿಗೆ ಹತ್ತಿರವಾಗುವ ಮೊದಲೇ ನನ್ನ ಕಣ್ಣಲ್ಲಿ ನೀರು ಬಂತು.

ಇಲ್ಲಿ ನನ್ನ ಸೊಸೆಯ ವಿಷಯ ಹೇಳಬೇಕು. ಆಕೆಯ ಹೆಸರು ಮೃಣಾಲ್. ಇಂದಾಪುರದ ಮರಾಠಿ ಮನೆಯ ಹುಡುಗಿ. ಹಡಪಸರದ ಡೇರಿಯೊಂದರ ಲ್ಯಾಬಿನಲ್ಲಿ, ಊರೂರಿಂದ ಬರುವ ಹಾಲಿನ ಮಾದರಿಗಳನ್ನು ಪರೀಕ್ಷಿಸುವ ಕೆಲಸ. ಮದುವೆಯಾಗಿ ನಮ್ಮ ಮನೆಗೆ ಬಂದು ಏಳು ತಿಂಗಳಲ್ಲಿ ನನ್ನ ಹೆಂಡತಿಯ ಧಾರವಾಡದ ಕನ್ನಡವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಕಲಿತಿದ್ದಳು. ಕಲಿಯದೆ ಉಳಿದದ್ದು ಒಂದೇ: ನನ್ನನ್ನು ಏನೆಂದು ಕರೆಯಬೇಕು ಎಂಬುದು. ನಮ್ಮಲ್ಲಿ ಮಾವ ಎನ್ನುತ್ತಾರೆ, ಅವರಲ್ಲಿ ಬಾಬಾ ಎನ್ನುತ್ತಾರೆ. ಏನಾದರೂ ಕರಿ ಎಂದು ಮಗ ಹೇಳಿದನಂತೆ, ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಹೀಗಾಗಿ ಆಕೆ ಯಾವ ಸಂಬೋಧನೆಯೂ ಇಲ್ಲದೆ, ಚಹಾ ಆಗೇದ, ಪೇಪರ್ ಬಂದದ, ಎಂದು ಗಾಳಿಗೆ ವರದಿ ಒಪ್ಪಿಸುವಳು. ನಾನೂ ನನ್ನ ಗಾಂಭೀರ್ಯಕ್ಕೆ ಭಂಗ ಬಾರದಂತೆ, ಹೂಂ ಬಂದೆ, ಎಂದು ಅದೇ ಗಾಳಿಗೆ ಉತ್ತರಿಸುವೆ. ನಮ್ಮ ಮನೆಯಲ್ಲಿ ಗಾಳಿಗೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಹೊರಗೆ ನಾನು ಇದನ್ನು ಸಲೀಸಾಗಿ ತೆಗೆದುಕೊಂಡಂತೆ ಇದ್ದೆ. ಒಳಗೆ ಮಾತ್ರ, ಮನೆಯಲ್ಲಿ ಮೂರು ಹೊತ್ತೂ ಕಾಣಿಸುವ ಮನುಷ್ಯನಿಗೆ ಒಂದು ಹೆಸರೂ ಇಲ್ಲವೆಂದರೆ ಹೇಗಿರುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಗುಲಾಬಿ ಟ್ಯೂಬಿನ ಅವಾಂತರವಾದ ವಾರದಲ್ಲೇ, ಒಂದು ಸಂಜೆ ಕೆಲಸದಿಂದ ಬಂದವಳು ನನ್ನ ಮುಂದೆ ಒಂದು ಬಿಳಿ ಟ್ಯೂಬು ಇಟ್ಟಳು. ಅದರ ಮೇಲೆ ಹೂವಿಲ್ಲ, ಹಣ್ಣಿಲ್ಲ, ಚೆಲುವೆಯ ಚಿತ್ರವೂ ಇಲ್ಲ.

“ಬಾಬಾ, ಇದು ನಿಮಗ. ವಾಸನಿ ಇಲ್ಲ, ನೊರಿನೂ ಭಾಳ ಬರಂಗಿಲ್ಲ. ನಮ್ಮ ಲ್ಯಾಬಿನ್ಯಾಗ ದಿವಸಕ್ಕ ಹತ್ತು ಸಲ ಕೈ ಮಾರಿ ತೊಳಕೋಬೇಕಲಾ, ಎಲ್ಲಾರೂ ಇದನ್ನ ವಾಪರಸ್ತಾರ.”

ನನ್ನ ಕಿವಿಗೆ ಬಿದ್ದದ್ದು ಮೊದಲನೆಯ ಪದ ಮಾತ್ರ. ಸಾಮಾನ್ಯ ಬುದ್ಧಿಯ ಯಾವ ಮನುಷ್ಯನಾದರೂ ಆ ಕ್ಷಣದಲ್ಲಿ, ಛಲೋ ಆತವಾ, ಎಂದು ಹೇಳಿ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದ. ಆದರೆ ನಾನು ಸ್ಟೋರ್ಸ್ ವಿಭಾಗದ ಮನುಷ್ಯ. ತುಲನೆ ಮಾಡದೆ ಒಂದು ಗುಂಡುಪಿನ್ನನ್ನೂ ಒಳಗೆ ತೆಗೆದುಕೊಳ್ಳಬಾರದೆಂಬುದು ನನ್ನ ರಕ್ತಗತ ಧರ್ಮ. ನಾನು ಟ್ಯೂಬನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, “ಇರಲಿ, ಇದನ್ನೂ ಸೇರಿಸೋಣಂತ,” ಎಂದೆ.

ಏಕೆಂದರೆ ಅಷ್ಟರಲ್ಲಿ ನನ್ನ ಬಳಿ ನಾಲ್ಕು ಮಾದರಿಗಳು ಕೂಡಿದ್ದವು: ಅಂಗಡಿಯವನು ಬದಲಿಸಿ ಕೊಟ್ಟ ನಿಂಬೆಯದು, ನೆರೆಯವರು ಒತ್ತಾಯಿಸಿದ ಬೇವಿನದು, ಹೆಂಡತಿಯ ಹೆಸರುಹಿಟ್ಟು, ಹುಬ್ಬಳ್ಳಿಯ ನಾದಿನಿ ಫೋನಿನಲ್ಲಿ ವಿಧಿಸಿದ ಹಾಲಿನ ಕೆನೆ. ಹಳೆಯ ರಿಜಿಸ್ಟರೊಂದನ್ನು ಹುಡುಕಿ ತೆಗೆದು, ಅಡಿಕೋಲಿನಿಂದ ಗೆರೆ ಎಳೆದು, ಕಚೇರಿಯ ಅಭ್ಯಾಸದಂತೆ ಇಂಗ್ಲಿಷಿನಲ್ಲಿ ಕಾಲಮುಗಳನ್ನು ಮಾಡಿದೆ. ಮಾದರಿಯ ಸಂಖ್ಯೆ, ಸರಬರಾಜುದಾರರ ಹೆಸರು, ಪರೀಕ್ಷಾಸ್ಥಳ, ಷರಾ. ಒಂದೊಂದನ್ನೇ ತಿಂಗಳುಗಟ್ಟಲೆ ಪರೀಕ್ಷಿಸುವುದು ಕಾಲಹರಣ. ಆದ್ದರಿಂದ ಮುಖವನ್ನು ಐದು ವಿಭಾಗ ಮಾಡಿ, ಹಣೆಯನ್ನು ನಿಂಬೆಗೂ, ಎಡಗೆನ್ನೆಯನ್ನು ಬೇವಿಗೂ, ಬಲಗೆನ್ನೆಯನ್ನು ಹೆಸರುಹಿಟ್ಟಿಗೂ, ಮೂಗನ್ನು ಕೆನೆಗೂ ಹಂಚಿಕೊಟ್ಟೆ. ಸೊಸೆಯ ಟ್ಯೂಬು ಎಲ್ಲಕ್ಕಿಂತ ತಡವಾಗಿ ಬಂದದ್ದರಿಂದ ನಿಯಮಾನುಸಾರ ಅದಕ್ಕೆ ಗದ್ದ ಉಳಿಯಿತು. ಐದನ್ನೂ ಒಮ್ಮೆಗೇ ಹಚ್ಚಿ, ಚೆನ್ನಾಗಿ ತಿಕ್ಕಿ, ಒಂದೇ ತಂಬಿಗೆ ಬಿಸಿನೀರಿನಲ್ಲಿ ತೊಳೆದುಕೊಂಡು ಕನ್ನಡಿಯ ಮುಂದೆ ನಿಂತೆ. ಹೀಗೆ ಮೂರು ದಿನ. ಇಂಥ ನಿಷ್ಪಕ್ಷಪಾತ ಪರೀಕ್ಷೆ ನಮ್ಮ ಕಾರ್ಖಾನೆಯಲ್ಲಿ ಫಿರಂಗಿಯ ಬಿಡಿಭಾಗಕ್ಕೂ ನಡೆದದ್ದಿಲ್ಲ.

“ಇದೇನ್ರಿ ಮಾರಿ,” ಎಂದಳು ಹೆಂಡತಿ, “ಜಿಲ್ಲಾ ನಕಾಶಿ ಆಗೇದಲ್ಲ.”

ನಕಾಶೆಯಲ್ಲಿ ಎಲ್ಲಕ್ಕಿಂತ ಕೆಂಪಾದ ತಾಲೂಕು ಗದ್ದ. ಉರಿ, ತುರಿಕೆ, ಸಣ್ಣ ಗುಳ್ಳೆಗಳು. ಕರ್ತವ್ಯಕ್ಕೆ ನೆಂಟಸ್ತಿಕೆ ಅಡ್ಡಬರಬಾರದು. ಐದನೆಯ ಸಾಲಿನಲ್ಲಿ ಸರಬರಾಜುದಾರರು ‘ಡಾಟರ್ ಇನ್ ಲಾ’ ಎಂದು ಬರೆದು, ಷರಾದ ಕಾಲಮಿನಲ್ಲಿ ಕೆಂಪು ಶಾಯಿಯಿಂದ ‘ರಿಜೆಕ್ಟೆಡ್’ ಎಂದು ನಮೂದಿಸಿ, ಕೆಳಗೆ ರುಜು ಹಾಕಿದೆ. ಶಾಯಿ ಒಣಗಲೆಂದು ರಿಜಿಸ್ಟರನ್ನು ಊಟದ ಟೇಬಲ್ಲಿನ ಮೇಲೆ ತೆರೆದಿಟ್ಟು ವಾಕಿಂಗಿಗೆ ಹೋದೆ.

ಹಿಂತಿರುಗಿ ಬಂದಾಗ ಮೃಣಾಲ್ ಟೇಬಲ್ಲಿನ ಹತ್ತಿರ ನಿಂತಿದ್ದಳು. ಕನ್ನಡದಲ್ಲಿ ಬರೆದಿದ್ದರೆ ಆಕೆಗೆ ಓದಲು ಬರುತ್ತಿರಲಿಲ್ಲ. ತೆರೆದೇ ಬಿದ್ದಿದ್ದ ಕೆಂಪು ಪೆನ್ನಿಗೆ ಟೊಪ್ಪಿಗೆ ಹಾಕಿ ಪಕ್ಕದಲ್ಲಿಟ್ಟಳು. ಆಮೇಲೆ ಒಳಗೆ ಹೋಗುತ್ತ, “ಚಹಾ ಆಗೇದ,” ಎಂದು ಗಾಳಿಗೆ ಹೇಳಿದಳು.

ಅಂದು ರಾತ್ರಿಯ ಊಟಕ್ಕೂ ಗಾಳಿಯನ್ನೇ ಕರೆದಳು. ಮರುದಿನವೂ ಅದೇ. ಮಾತಿನಲ್ಲಿ ಬಿರುಸಿಲ್ಲ, ಕೆಲಸದಲ್ಲಿ ಕೊರತೆಯಿಲ್ಲ. ಆ ಒಂದು ಪದ ಮಾತ್ರ ಮನೆಯಿಂದ ಹೊರಟುಹೋಗಿತ್ತು. ನನ್ನ ಹೆಂಡತಿ ಮೆಂತ್ಯದ ಸೊಪ್ಪು ಸೋಸುತ್ತ, ತಲೆ ಎತ್ತದೆಯೇ ಹೇಳಿದಳು: “ಏಳು ತಿಂಗಳಾದ ಮ್ಯಾಲೆ ಆ ಕೂಸಿನ ಬಾಯಿಂದ ಒಂದು ಮಾತು ಬಂದಿತ್ತು. ಅದಕ್ಕೂ ಕೆಂಪು ಶಾಯಿ ಬಡದ್ರಿ.”

ನಾನು ಯೋಚನೆಗೆ ಬಿದ್ದೆ. ನಮ್ಮ ಕಚೇರಿಯಲ್ಲಿ ಮಾದರಿ ತಿರಸ್ಕೃತವಾದ ವ್ಯಾಪಾರಿ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಮರುವರ್ಷ ಅದೇ ನಗುಮುಖದಿಂದ, ಅದೇ ಸರಕಿನೊಂದಿಗೆ ಬರುತ್ತಿದ್ದ. ಆದರೆ ಅವನ ಮಾದರಿಯನ್ನು ನಾವು ಕೇಳಿ ತರಿಸಿದ್ದೆವು. ಈ ಟ್ಯೂಬನ್ನು ಯಾರೂ ಕೇಳಿರಲಿಲ್ಲ. ಒಂದೂವರೆ ತಾಸಿನ ಟ್ರಾಫಿಕ್ಕಿನಲ್ಲಿ ಬಸ್ಸಿನಲ್ಲಿ ನಿಂತು ಬರುವ ಹುಡುಗಿ, ನಡುವೆ ಇಳಿದು, ಮನೆಯ ಮುದುಕನ ಕೆನ್ನೆ ಉರಿಯುತ್ತಿದೆಯೆಂದು ನೆನಪಿಟ್ಟು ತಂದದ್ದು ಅದು. ಕೇಳದೆ ಬಂದದ್ದನ್ನು ಯಾವ ಕಾಲಮಿನಲ್ಲಿ ಬರೆದುಕೊಳ್ಳಬೇಕೆಂದು ಮೂವತ್ನಾಲ್ಕು ವರ್ಷಗಳಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ತಪ್ಪಾಯಿತು ಎನ್ನುವಂತೆಯೂ ಇಲ್ಲ. ಮಾವ ಸೊಸೆಯ ಕ್ಷಮೆ ಕೇಳಿದರೆ ಆಕೆ ಗಾಬರಿಯಾಗಿ ಕಾಲಿಗೆ ಬೀಳುತ್ತಾಳೆ, ಆಮೇಲೆ ಇಬ್ಬರೂ ಒಂದು ವರ್ಷ ಮುಖ ತಪ್ಪಿಸಿಕೊಂಡು ತಿರುಗಬೇಕಾಗುತ್ತದೆ. ಕೊನೆಗೆ ನನಗೆ ಗೊತ್ತಿದ್ದ ಒಂದೇ ದಾರಿಯನ್ನು, ಎಂದರೆ ಮೇಲ್ಮನವಿಯ ದಾರಿಯನ್ನು, ಹಿಡಿದೆ. ಭಾನುವಾರ ಬೆಳಿಗ್ಗೆ ಆಕೆ ಅವಲಕ್ಕಿ ತಂದಿಟ್ಟಾಗ ರಿಜಿಸ್ಟರನ್ನು ಆಕೆಯ ಕಡೆ ಸರಿಸಿ, “ಮೃಣಾಲ್, ನೀ ಲ್ಯಾಬಿನಾಕಿ. ಈ ಪರೀಕ್ಷಾದಾಗ ಏನರೆ ತಪ್ಪು ಅದ ಏನವಾ, ನೋಡು,” ಎಂದೆ. ನಾನು ಆಕೆಯನ್ನು ಹೆಸರು ಹಿಡಿದು ಕರೆದದ್ದೂ ಅದೇ ಮೊದಲು ಎಂಬುದು ಕರೆದ ಮೇಲೆ ನನಗೆ ಹೊಳೆಯಿತು. ಏಳು ತಿಂಗಳು ಬಾಕಿ ಉಳಿಸಿಕೊಂಡವಳು ಆಕೆಯೊಬ್ಬಳೇ ಆಗಿರಲಿಲ್ಲ.

ಆಕೆ ನಿಂತುಕೊಂಡೇ ಐದೂ ಸಾಲು ಓದಿದಳು.

“ಐದೂ ಒಮ್ಮೆಲೇ ಹಚ್ಚಿದ್ರಿ?”

“ಹೌದು.”

“ಒಮ್ಮೆಲೇ ತೊಳದ್ರಿ?”

“ಹೌದು. ಟ್ಯಾಂಕರ್ ನೀರು, ಸುಮ್ಮನ ಯಾಕ ಹಾಳ ಮಾಡೋದು.”

“ನೀರು ಎಲ್ಲಿಂದ ಎಲ್ಲಿಗೆ ಬಂತು?”

ನಾನು ಹಣೆಯಿಂದ ಬೆರಳು ಇಳಿಸುತ್ತ ತೋರಿಸಿದೆ. ನಿಂಬೆ ಕೆನ್ನೆಗೆ ಬಂತು, ಬೇವನ್ನು ಕೂಡಿಕೊಂಡಿತು, ಕೆನೆಯನ್ನೂ ಹೆಸರುಹಿಟ್ಟಿನ ತರಿಯನ್ನೂ ಕರೆದುಕೊಂಡು ಕೆಳಗಿಳಿಯಿತು. ನನ್ನ ಬೆರಳು ಗದ್ದಕ್ಕೆ ಬಂದು ನಿಂತಿತು.

“ಐದು ಊರಿನ ಹಾಲು ಒಂದ ಪಾತೇಲಿಗೆ ಸುರುವಿ, ಇಂದಾಪುರದ್ದು ಕೆಟ್ಟದ ಅಂತ ಬರದಂಗ ಆತು,” ಎಂದಳು ಮೃಣಾಲ್.

ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಅದು ಒಂದು ಸಲಕ್ಕೆ ಮುಗಿಯುವ ನಗೆಯಾಗಿರಲಿಲ್ಲ.

ಅಂದಿನಿಂದ ಪರೀಕ್ಷಾಧಿಕಾರ ನನ್ನ ಕೈತಪ್ಪಿತು. ಹೊಸ ಅಧಿಕಾರಿಣಿಯ ಆಜ್ಞೆಗಳು ಸರಳವಾಗಿದ್ದವು. ಮೊದಲ ವಾರ ಬರೀ ನೀರು, ಅದೂ ಉಗುರುಬೆಚ್ಚಗಿನದು. ಆಮೇಲೆ ಆ ಬಿಳಿ ಟ್ಯೂಬೊಂದೇ; ಎರಡು ದಿನ ಕಿವಿಯ ಕೆಳಗೆ ಮಾತ್ರ, ಏನೂ ಆಗದಿದ್ದರೆ ಮುಖಕ್ಕೆ. ಬೆರಳ ತುದಿಯಿಂದ ಹಚ್ಚಬೇಕು, ತಿಕ್ಕಕೂಡದು. ಟವೆಲ್ಲಿನಿಂದ ಒರೆಸಕೂಡದು, ಒತ್ತಬೇಕು. ಬರೀ ನೀರಿನ ವಾರದಲ್ಲೇ ಮುಖದ ಅರ್ಧ ಕೆಂಪು ಇಳಿದುಹೋದದ್ದು, ಇಷ್ಟು ದಿನ ಸೌಮ್ಯತೆಯನ್ನು ಅರಸಿ ಅಂಗಡಿ ಸುತ್ತಿದ ನನಗೆ ತುಸು ಅವಮಾನಕರವಾಗಿಯೇ ಇತ್ತು. ಪ್ರತಿ ಸಂಜೆ ಆಕೆ ಚಪ್ಪಲಿ ಬಿಡುತ್ತ ಬಾಗಿಲಿನಿಂದಲೇ ನನ್ನ ಗದ್ದವನ್ನು ಒಮ್ಮೆ ನೋಡಿ, ಕಡಿಮಿ ಆಗೇದ, ಎಂದು ಗಾಳಿಗೆ ಹೇಳಿ ಒಳಗೆ ಹೋಗುತ್ತಿದ್ದಳು. ಆ ಒಂದು ಪದವನ್ನು ನಾನಾಗಿ ಕೇಳಲಿಲ್ಲ. ಇಂಥದನ್ನು ಕೇಳಿ ತರಿಸಿಕೊಳ್ಳಬಾರದೆಂದು ಅಷ್ಟರಲ್ಲಿ ಕಲಿತಿದ್ದೆ.

ಟ್ಯೂಬು ಶುರುವಾಗಿ ಒಂಬತ್ತನೆಯ ಸಂಜೆ, ದೀಪದ ಕೆಳಗೆ ಕುಳಿತಿದ್ದ ನನ್ನ ಹತ್ತಿರ ಬಂದು ಬಗ್ಗಿ ನೋಡಿ, “ಬಾಬಾ, ಆ ಕಡೆ ತಿರುಗ್ರಿ,” ಎಂದಳು. ನಾನು ತಿರುಗಿದೆ.

ಈಗ ಮೂರನೆಯ ಟ್ಯೂಬು ನಡೆದಿದೆ. ಗದ್ದದಲ್ಲಿ ಉರಿಯಿಲ್ಲ, ಬಿಸಿಲಿಗೆ ಹೋದರೆ ಮೂಗಿನ ತುದಿ ಮಾತ್ರ ಇನ್ನೂ ಕೆಂಪಾಗುತ್ತದೆ.