ವಾಲಿದ ಅಕ್ಷರ ಕರೆದ ಜನ

ಸಾವಿರದ ಎಂಟುನೂರ ತೊಂಬತ್ತರ ಆಸುಪಾಸಿನಲ್ಲಿ ನಾನು ಬಳ್ಳಾರಿಯ ಕೌಲ್ ಬಜಾರಿನ ಒಂದು ಅಚ್ಚುಕೂಟದಲ್ಲಿ ಅಕ್ಷರ ಕೆತ್ತುವ ಕೆಲಸದಲ್ಲಿದ್ದೆ. ಪುಸ್ತಕಕ್ಕೆ ಸೀಸದ ಅಚ್ಚುಮೊಳೆ ಸಾಕು. ಗೋಡೆಗೆ ಅಂಟಿಸುವ ಹಾಳೆಗೆ ಗೇಣುದ್ದದ ಅಕ್ಷರ ಬೇಕು. ಅದನ್ನು ಗಟ್ಟಿ ಮರದಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕು.

ಆ ವರ್ಷ ಒಂದು ನಾಟಕ ಕಂಪನಿಯವರು ಯಾರೂ ಕಂಡಿರದಂಥ ಅಕ್ಷರ ಬೇಕೆಂದರು. ಎರಡು ದಿನ ರೈಲು ನಿಲ್ದಾಣದಲ್ಲಿ ನಿಂತು ಗಾಡಿ ಹೊರಡುವುದನ್ನೇ ನೋಡಿದೆ. ಆಮೇಲೆ ಎತ್ತರಕ್ಕಿಂತ ಅಗಲ ದುಪ್ಪಟ್ಟಾದ, ಓಡುವ ರೈಲಿನ ಹಾಗೆ ಬಲಕ್ಕೆ ವಾಲಿದ ಅಕ್ಷರ ಬರೆದೆ. ತಲೆಕಟ್ಟಿನ ಕೊಂಕು ತೆಗೆದುಹಾಕಿದೆ. ಗೆರೆಯೆಲ್ಲ ಒಂದೇ ದಪ್ಪ.

ಯಜಮಾನರಾದ ವೆಂಕಣ್ಣನವರು ಮೊದಲ ಹಾಳೆ ಹಿಡಿದು, "ಇಮಾಮಸಾಬ, ಇದು ನಮ್ಮ ಕಾಲದ್ದಲ್ಲೋ, ಮುಂದಿನ ನೂರು ವರ್ಷದ ಅಕ್ಷರ ಐತಿ" ಎಂದರು. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಗೋಡೆಗಳ ಮೇಲೆಲ್ಲ ಅದೇ. ಆಟಕ್ಕೆ ಜನ ಮುಗಿಬಿದ್ದರು.

ಬೇಸಿಗೆಯಲ್ಲಿ ಸಿರುಗುಪ್ಪದಲ್ಲಿ ಕಾಲರಾ ಕಾಣಿಸಿತು. ಊರಿಗೆ ಬರಬೇಡಿ, ನೀರು ಕಾಯಿಸದೆ ಕುಡಿಯಬೇಡಿ ಎಂಬ ನೋಟೀಸನ್ನು ತುರ್ತಾಗಿ ಅಚ್ಚು ಹಾಕಬೇಕಾಯಿತು. ನೆಟ್ಟಗಿನ ಹಳೆಯ ಅಕ್ಷರವೇ ಇರಲಿ ಎಂದರು ವೆಂಕಣ್ಣನವರು. "ದೂರದಿಂದ ಕಾಣೋದು ನನ್ನ ಅಕ್ಷರ ರೀ" ಎಂದು ನಾನೇ ಹಟ ಹಿಡಿದೆ.

ಸಿರುಗುಪ್ಪಕ್ಕೂ ಸುತ್ತಲಿನ ಹಳ್ಳಿಗಳಿಗೂ ಹಾಳೆಗಳು ಹೋದ ಮೇಲೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಹೇಗೆ ಕಾಣುತ್ತದೋ ನೋಡಿಬರೋಣವೆಂದು ನಾನೂ ಒಂದು ಕುದುರೆ ಗಾಡಿ ಹತ್ತಿದೆ. ಕುರುಗೋಡು ದಾಟಿದರೆ ದಾರಿಯುದ್ದಕ್ಕೂ ಎತ್ತಿನ ಬಂಡಿಗಳು, ಎಲ್ಲವೂ ಸಿರುಗುಪ್ಪದ ಕಡೆಗೆ. ಚಾಪೆ, ಬುತ್ತಿಗಂಟು, ಹಸುಗೂಸುಗಳು. ಬಾದನಹಟ್ಟಿಯ ಒಬ್ಬ ಮುದುಕಿ ತುಂಬು ಬಸುರಿ ಸೊಸೆಯನ್ನು ಕೂರಿಸಿಕೊಂಡು ಹೊರಟಿದ್ದಳು.

"ಎಲ್ಲಿಗವ್ವಾ?"

"ಆಟ ನೋಡಾಕ. ಗ್ವಾಡಿಮ್ಯಾಲ ಹಚ್ಚ್ಯಾರಲ್ಲ."

"ಅದನ್ನ ಓದೀರೇನು?"

"ಓದಾಕ ಎಲ್ಲಿ ಬರತೈತಪ್ಪಾ? ಆ ವಾಲಿದ ಅಕ್ಷರ ಕಂಡ್ರ ಆಟ ಬಂತು ಅಂತ ತಿಳೀತೈತಿ."

ಇವರೆಲ್ಲ ಹೊರಟಿದ್ದು ಕಾಲರಾದ ನೋಟೀಸು ಕಂಡು. ಗಾಡಿಯಿಂದ ಹಾರಿ ದಾರಿಗೆ ಅಡ್ಡ ನಿಂತೆ. "ಹಿಂದಕ್ಕ ತಿರುಗ್ರಿ! ಆಟ ಇಲ್ಲ, ಊರಾಗ ಕಾಲರಾ ಐತಿ!"

ಯಾರೂ ನಂಬಲಿಲ್ಲ. "ನಿನಗ ಹೆಂಗ ಗೊತ್ತು?" ಎಂದು ಬಂಡಿಯವನೊಬ್ಬ ರೇಗಿದ.

"ಆ ಅಕ್ಷರ ಕೆತ್ತಿದಾವ ನಾನ ಅದೀನಿ!"

ಮುದುಕಿ ನನ್ನ ಮುಖ ದಿಟ್ಟಿಸಿ ನೋಡಿ, ಬಂಡಿ ತಿರುಗಿಸಲು ಹೇಳಿದಳು. ಅವಳ ಹಿಂದಿನವರೂ ತಿರುಗಿಸಿದರು. ಸಿರುಗುಪ್ಪ ಮುಟ್ಟಿ, ಕೈಗೆ ಸಿಕ್ಕ ಹಾಳೆಗಳನ್ನೆಲ್ಲ ಉಗುರಿನಿಂದ ಕೆರೆದು ಕಿತ್ತೆ. ಡಂಗುರದವನ ಜೊತೆ ಊರ ಬಾಗಿಲಲ್ಲಿ ಗಂಟಲು ಬೀಳುವ ತನಕ ಕೂಗಿದೆ. ಆದರೆ ನನಗಿಂತ ಮೊದಲೇ ಕೆಲವು ಬಂಡಿಗಳು ಒಳಗೆ ಹೋಗಿದ್ದವು. ಅವರಲ್ಲಿ ಯಾರು ಆ ನೀರು ಕುಡಿದರು, ಯಾರು ಮನೆ ಸೇರಿದರು, ಇಂದಿಗೂ ನನಗೆ ತಿಳಿಯದು.

ಆಮೇಲೆ ಅಚ್ಚುಕೂಟದಲ್ಲಿ ಒಂದು ಪದ್ಧತಿ ಮಾಡಿಕೊಂಡೆ. ಹೊಸ ಅಕ್ಷರದ ಮೊದಲ ಹಾಳೆಯನ್ನು ಸಂತೆಗೆ ಒಯ್ದು, ಓದು ಬಾರದ ಯಾರಿಗಾದರೂ ತೋರಿಸಿ, "ಇದು ಏನು ಹೇಳತೈತಿ?" ಎಂದು ಕೇಳುತ್ತಿದ್ದೆ. ಬದನೆಕಾಯಿ ಮಾರುವವಳು "ಯಾರೋ ಸತ್ತಂಗ ಐತಿ" ಎಂದರೆ, ಎಷ್ಟೇ ಚೆಂದವಿರಲಿ, ಆ ಅಕ್ಷರವನ್ನು ಅಂಗಡಿಯ ಜಾಹೀರಾತಿನ ಹಾಳೆಗೆ ಹಾಕುತ್ತಿರಲಿಲ್ಲ.