ಗೌಡರು ಬರೆಸಿಕೊಂಡ ಮುಚ್ಚಳಿಕೆ

ಆಡಿಟ್‌ಗೆ ಹೋದವನು ಯಾರನ್ನೂ ಹೊಗಳಬಾರದು. ನಾನು ಹೊಗಳಿ ಕೆಟ್ಟೆ.

ರಾವಂದೂರು ಕಡೆಯ ಒಂದು ಸಹಕಾರ ಸಂಘ. ಗೋದಾಮಿನ ಗೊಬ್ಬರದ ಮೂಟೆ ಎಣಿಸಿದೆ. ಪುಸ್ತಕದಲ್ಲಿ ಇದ್ದಷ್ಟೂ ಇದ್ದವು. ಆಫೀಸಿಗೆ ಬಂದು ಕೂತವನೇ “ನಿಮ್ಮ ಸೆಕ್ರೆಟರಿ ಬಲು ಅಚ್ಚುಕಟ್ಟು” ಎಂದುಬಿಟ್ಟೆ.

ಸೆಕ್ರೆಟರಿ ಪಕ್ಕದಲ್ಲೇ ನಿಂತಿದ್ದರೂ ಅಧ್ಯಕ್ಷರಾದ ಗೌಡರಿಗೆ ತಡೆಯಲಾಗಲಿಲ್ಲ. “ಇವ್ನೇನ್ ಅಚ್ಕಟ್ಟು, ಸಾ! ಓದ್ವರ್ಷ ಮೂವತ್ತು ಮೂಟೆ ಮಾರ್ಕೊಂಡು ತಿಂದಿದ್ದ. ನಾವು ಪಂಚಾಯ್ತಿ ಸೇರ್ಸಿ, ದಂಡ ಆಕಿ, ಅಷ್ಟನ್ನೂ ವಾಪಸ್ ತರಿಸಿಟ್ವಿ. ನೋಡಿ ಬೇಕಾರೆ!” ಎಂದು ಬೀರುವಿನಿಂದ ಒಂದು ಛಾಪಾ ಕಾಗದ ತೆಗೆದು ಹೆಮ್ಮೆಯಿಂದ ನನ್ನ ಕೈಗಿಟ್ಟರು. ಸೆಕ್ರೆಟರಿಯ ತಪ್ಪೊಪ್ಪಿಗೆ, ಕೆಳಗೆ ಗೌಡರೂ ಸೇರಿ ಐವರು ನಿರ್ದೇಶಕರ ರುಜು.

ಕಾಗದ ಪೂರ್ತಿ ಓದಿದೆ. “ಗೌಡ್ರೇ, ಸಂಘದ ಮಾಲು ಮಾರ್ಕೊಂಡ್ಮೇಲೆ ವಾಪಸ್ ತಂದಿಟ್ರೂ ಕೇಸು ಕೇಸೇ. ಇವರಿಗೆ ಜೈಲಾಗಬಹುದು. ಗೊತ್ತಿದ್ದೂ ಯಾಕೆ ಮುಚ್ಚಿಟ್ರಿ ಅಂತ ನಿಮ್ಮನ್ನೂ ಕೇಳ್ತಾರೆ.”

ಗೌಡರು ಎದ್ದು ಬಾಗಿಲ ಅಗುಳಿ ಹಾಕಿದರು. “ಆ ಕಾಗ್ದ ಇತ್ಲಾಗ್ ಕೊಡಿ.”

“ಓದಿದ್ಮೇಲೆ ಓದಿಲ್ಲ ಅನ್ನೋಕಾಗಲ್ಲ.”

ಗೌಡರು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ನಾನು ಕಾಗದವನ್ನು ಮಡಚಿ ನನ್ನ ಫೈಲಿಗೆ ಸೇರಿಸಿದೆ.

ಅಷ್ಟು ಹೊತ್ತೂ ತಲೆ ತಗ್ಗಿಸಿ ನಿಂತಿದ್ದ ಸೆಕ್ರೆಟರಿ ಆಗ ಬಾಯಿಬಿಟ್ಟ. “ಬುಡಿ ಗೌಡ್ರೇ, ತಗಂಡೋಗ್ಲಿ. ಅವತ್ತೇ ಬಡ್ಕೊಂಡೆ, ದಂಡ ಎಷ್ಟಾರಾ ಆಕಿ, ಬರೆಸ್ಕೊಬ್ಯಾಡಿ ಅಂತ.”

ಗೌಡರು ಅಗುಳಿ ತೆಗೆದರು.

ಆ ಕಾಗದಕ್ಕೆ ರುಜು ಹಾಕಿದವರಲ್ಲಿ ಕಾನೂನು ತಿಳಿದಿದ್ದವನು ಕದ್ದವನೊಬ್ಬನೇ.